ಹಳೇ ಗ್ರಾಫಿಕ್ಸ್ ಕಾರ್ಡ್: ಮಾರೋದಾ, ಇಟ್ಕೊಳ್ಳೋದಾ, ಯಾರಿಗಾದ್ರೂ ಕೊಡೋದಾ?

ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನ ಹಳೇ ಕಾರ್ಡ್ ಎಲ್ಲಿಗೆ ಹೋಗುತ್ತದೆ ಹೇಳಿ? ಹೊಸದು ಬಂದ ಡಬ್ಬದೊಳಗೆ. ಅದರದ್ದೇ ಕವರಿಗೆ ತುರುಕಿ, ಡಬ್ಬ ಮುಚ್ಚಿ, ಬೀರುವಿನ ಮೇಲೆ ಇಡುತ್ತೇವೆ. ಭಾನುವಾರ ನೋಡಿದರಾಯಿತು ಅಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಆ ಭಾನುವಾರ ಬರಲು ಏಳು ತಿಂಗಳು ಹಿಡಿಯಿತು.

ನನ್ನದು ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1060, 6 ಜಿಬಿ ಮೆಮೊರಿಯದ್ದು. 2017ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಗೊಂಡಿದ್ದು. ಎಂಟು ವರ್ಷ ದುಡಿಯಿತು. 2025ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು ಬಂತು. ಡಿಸೆಂಬರ್ ತನಕ ಹಳೇದನ್ನು ಏನು ಮಾಡೋದು ಅಂತ ಒಂದಾದ ಮೇಲೊಂದು ಯೋಚನೆ ಮಾಡಿದೆ. ಕೆಲವನ್ನು ಮಾಡಿಯೂ ನೋಡಿದೆ. ಎರಡು ಕಡೆ ಎಡವಿದೆ. ನಿಮ್ಮ ಕಾರ್ಡ್ ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ದಾರಿ ಹೆಚ್ಚುಕಡಿಮೆ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಎಲ್ಲರೂ ಕಾರ್ಡನ್ನು ನೋಡುತ್ತಾರೆ. ನೋಡಬೇಕಾದದ್ದು ಮಿಕ್ಕ ಸಾಮಾನನ್ನು: ನಿಮ್ಮ ಪ್ರೊಸೆಸರ್ ಯಾವುದು, ಕೊಡಬೇಕು ಅಂದುಕೊಂಡವರ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಯಾವುದು, ಮನೆಯ ಕರೆಂಟ್ ಬಿಲ್ ಎಷ್ಟು. ಉತ್ತರ ಅಲ್ಲಿರುತ್ತದೆ.

ಮೊದಲು ಪ್ರೊಸೆಸರ್ ಹೆಸರು ಓದಿ

ನಿಮ್ಮ ಪ್ರೊಸೆಸರ್‌ಗೆ ಸ್ವಂತ ಡಿಸ್‌ಪ್ಲೇ ಇದೆಯಾ? ಅಂದರೆ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಮಾನಿಟರ್ ಕೇಬಲನ್ನು ನೇರವಾಗಿ ಮದರ್‌ಬೋರ್ಡಿಗೆ ಚುಚ್ಚಿದರೆ ಚಿತ್ರ ಬರುತ್ತದಾ?

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಬರುವುದಿಲ್ಲ. ಐ5-12400ಕ್ಕೆ ಬರುತ್ತದೆ, 12400ಎಫ್‌ಗೆ ಇಲ್ಲ. ಎಎಂಡಿಯಲ್ಲಿ ರೈಜನ್ 3600, 5600, 5600ಎಕ್ಸ್ ಇವಕ್ಕೆಲ್ಲ ಇಲ್ಲ. 5600ಜಿ ಥರ ಕೊನೆಗೆ 'ಜಿ' ಇದ್ದರೆ ಉಂಟು. ಡೆಸ್ಕ್‌ಟಾಪಿನ 7000 ಸರಣಿಯಿಂದ ಈಚೆಗೆ ಹೆಚ್ಚಿನವಕ್ಕೆ ಚಿಕ್ಕದೊಂದು ಡಿಸ್‌ಪ್ಲೇ ಕೊಟ್ಟಿದ್ದಾರೆ, 7500ಎಫ್ ಅಂಥವನ್ನು ಬಿಟ್ಟು. ಅಂಗಡಿಯವರು 'ಎಫ್' ಮಾಡೆಲ್ ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ಅದನ್ನೇ ಹಾಕಿಕೊಡುವುದು ಜಾಸ್ತಿ. ನಾವೂ ಹೂಂ ಅಂದಿರುತ್ತೇವೆ.

ಇದು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಸೆಪ್ಟೆಂಬರ್‌ನ ಒಂದು ಭಾನುವಾರ ರಾತ್ರಿ. ಹೊಸ ಕಾರ್ಡಿಗೆ ಆಗ ನಾಲ್ಕು ತಿಂಗಳು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಕೇಬಲ್ ಬದಲಾಯಿಸಿದೆ. ರ‍್ಯಾಮ್ ಕಿತ್ತು ಹಾಕಿದೆ. ಏನೂ ಇಲ್ಲ. ನನ್ನದು ರೈಜನ್ 3600, ಅದಕ್ಕೆ ಸ್ವಂತ ಡಿಸ್‌ಪ್ಲೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆಯಿಂದಲೇ ಆಫೀಸು. ಬೀರುವಿನ ಮೇಲಿಂದ 1060 ಇಳಿಸಿ ಹಾಕಿದೆ, ಒಂದೇ ಏಟಿಗೆ ಪರದೆ ಬಂತು. ತೊಂದರೆ ಕಾರ್ಡಿನದ್ದೇ ಅಂತಲೂ ಖಾತ್ರಿಯಾಯಿತು.

ಹೊಸ ಕಾರ್ಡನ್ನು ವಾರಂಟಿಗೆ ಕೊಟ್ಟೆ. "ಒಂದು ವಾರ ಸಾರ್" ಅಂದರು. ವಾಪಸ್ ಬಂದಿದ್ದು 26 ದಿನಕ್ಕೆ. ಅಷ್ಟೂ ದಿನ ಹಳೇದೇ ಕೈ ಹಿಡಿಯಿತು.

ಹಾಗಾದರೆ ಹಳೇ ಕಾರ್ಡನ್ನು ಮಾರಲೇಬಾರದಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ಆ 26 ದಿನ ನನಗೆ ಬೇಕಾಗಿದ್ದು ಪರದೆ ಅಷ್ಟೇ. ಮೇಲ್ ನೋಡಲು, ಮೀಟಿಂಗ್ ಮಾಡಲು 1060 ಬೇಕಾಗಿಲ್ಲ. ಸೆಕೆಂಡ್‌ಹ್ಯಾಂಡ್ ಜಿಟಿ 710 ಒಂದನ್ನು 1,200 ರೂಪಾಯಿಗೆ ತಂದಿಟ್ಟುಕೊಂಡೆ. ಅದು ಎಳೆಯುವುದೇ 19 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ. ನನ್ನದಕ್ಕೆ ಫ್ಯಾನೂ ಇಲ್ಲ. ಆಟ ಆಡಲು ಆಗುವುದಿಲ್ಲ, ಆದರೆ ಸೋಮವಾರ ಬೆಳಿಗ್ಗೆ ಮಾನ ಉಳಿಸುತ್ತದೆ. ಸ್ಪೇರ್ ಅನ್ನೋದಕ್ಕೆ ಇಷ್ಟು ಸಾಕು. ಐದಾರು ಸಾವಿರ ಬರುವ ಕಾರ್ಡನ್ನು ಸ್ಪೇರ್ ಅಂತ ಮೇಲಿಡುವುದು ನನ್ನ ಪ್ರಕಾರ ದಂಡ.

ಪ್ರೊಸೆಸರ್‌ಗೆ ಡಿಸ್‌ಪ್ಲೇ ಇದ್ದರಂತೂ ಸ್ಪೇರ್ ಚಿಂತೆಯೇ ಬೇಡ. ಸೀದಾ ಮುಂದಿನದ್ದಕ್ಕೆ ಹೋಗಿ.

ಮಾರುವುದಾದರೆ: ಅಂಗಡಿ, ಆನ್‌ಲೈನ್, ಪರಿಚಯದವರು

ನನಗೆ ಮೂರು ಕಡೆಯಿಂದ ಮೂರು ಬೆಲೆ ಬಂತು. ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೈಗೆ ದುಡ್ಡಾದರೆ 3,000, ಅಲ್ಲೇ ಬೇರೇನಾದರೂ ತಗೊಂಡರೆ 3,500. ಆನ್‌ಲೈನ್‌ನಲ್ಲಿ ಕೊನೆಗೆ ಹೋಗಿದ್ದು 5,000ಕ್ಕೆ. ಆಫೀಸಿನ ಗೆಳೆಯನೊಬ್ಬ 4,500 ಕೊಡುತ್ತೇನೆ ಅಂದ.

ಅಂಗಡಿಯ ಬೆಲೆ ಕೇಳಿ ಸಿಟ್ಟು ಬರುವುದು ಸಹಜ. ಆದರೆ ಅವರ ಕಡೆಯಿಂದಲೂ ನೋಡಿ. ಕಾರ್ಡ್ ಟೆಸ್ಟ್ ಮಾಡಬೇಕು, ಕ್ಲೀನ್ ಮಾಡಬೇಕು, ಮಾರಿದ ಮೇಲೆ ಒಂದು ತಿಂಗಳಾದರೂ ಬಾಯಿಮಾತಿನ ಗ್ಯಾರಂಟಿ ಕೊಡಬೇಕು. ಅದರ ಮೇಲೆ ಅವರ ಲಾಭ. ನಿಮಗೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನಾಳೆ ಯಾರೂ ಫೋನ್ ಮಾಡುವುದಿಲ್ಲ. ಒಂದೇ ಅಂಗಡಿಗೆ ಹೋಗಬೇಡಿ. ನಾಲ್ಕು ಮೆಟ್ಟಿಲು ಹತ್ತಿ ಇಳಿದರೆ ಐನೂರು ರೂಪಾಯಿ ವ್ಯತ್ಯಾಸ ಬರುತ್ತದೆ. ಹೊಸ ಕಾರ್ಡ್ ಕೊಳ್ಳುವ ದಿನವೇ ಹಳೇದನ್ನು ಒಯ್ದರೆ ಚೌಕಾಸಿಗೆ ಇನ್ನೂ ಜಾಗ ಇರುತ್ತದೆ. ಹೊಸದರ ಬಿಲ್ ಆದ ಮೇಲೆ ಹೋದರೆ ನಿಮ್ಮ ಕೈಲಿ ಏನೂ ಉಳಿದಿರುವುದಿಲ್ಲ.

ಪರಿಚಯದವರಿಗೆ ಮಾರುವುದು ಸುಲಭ ಅಂತ ಕಾಣುತ್ತದೆ. ನನಗೆ ಧೈರ್ಯ ಬರಲಿಲ್ಲ. ಎಂಟು ವರ್ಷದ ಕಾರ್ಡ್, ನಾಳೆ ಹೋದರೂ ಹೋಯಿತು. ಹೋದರೆ ಕ್ಯಾಂಟೀನಿನಲ್ಲಿ ದಿನಾ ಅವನ ಮುಖ ನೋಡಬೇಕು. ಪರಿಚಯದವರಿಗಾದರೆ ಸುಮ್ನೆ ಕೊಟ್ಟುಬಿಡುವುದು ವಾಸಿ, ಇಲ್ಲವಾದರೆ ಮಾರಲೇಬಾರದು.

ಇನ್ನು ಆನ್‌ಲೈನ್. ದುಡ್ಡು ಜಾಸ್ತಿ ಬರುವುದು ಇಲ್ಲೇ, ತಲೆನೋವೂ ಇಲ್ಲೇ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡರಲ್ಲೂ ಹಾಕಿದೆ. ಮೂರು ವಾರದಲ್ಲಿ "ಲಾಸ್ಟ್ ಎಷ್ಟು ಬ್ರೋ" ಅಂತ ಕೇಳಿ ಮಾಯವಾದವರು ಎಷ್ಟು ಜನವೋ. ಒಬ್ಬರು 5,000ದ ಕಾರ್ಡಿಗೆ ಹಳೇ ಗಿಟಾರ್ ಕೊಡುತ್ತೇನೆ ಅಂದರು.

ಹಾಕುವ ಮೊದಲು ಕಾರ್ಡನ್ನು ಒಮ್ಮೆ ನೋಡಿಕೊಳ್ಳಿ. ನನ್ನದರ ಫ್ಯಾನಿನ ಅಂಚಿನಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಅದು ಅತಿಯಾಗಿ ತಿರುಗಬಾರದು. ವಾರಂಟಿ ಮುಗಿದಿದ್ದರಿಂದ ಚಿಪ್ಪಿನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಬಿಚ್ಚಿಯೇ ಬಿಟ್ಟೆ. ಚಿಪ್ಪಿಗೂ ಅದಕ್ಕೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಸುಣ್ಣದ ಡಬ್ಬಿಯ ತಳದಲ್ಲಿ ಒಣಗಿ ಬಿರುಕು ಬಿಟ್ಟ ಸುಣ್ಣದ ಥರ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಹೊಸ ಪೇಸ್ಟ್ ಹಚ್ಚಿದೆ. ಮೊದಲು ಲೋಡ್‌ನಲ್ಲಿ 83 ಡಿಗ್ರಿಗೆ ಹೋಗಿ ಅಲ್ಲೇ ಸ್ಪೀಡ್ ಇಳಿಸಿಕೊಳ್ಳುತ್ತಿತ್ತು. ಆಮೇಲೆ 71 ದಾಟಲಿಲ್ಲ. ವಾರಂಟಿ ಇನ್ನೂ ಇದ್ದರೆ ಮಾತ್ರ ಸ್ಕ್ರೂ ಮುಟ್ಟಬೇಡಿ. ಕೆಲವು ಸ್ಕ್ರೂಗಳ ಮೇಲೆ ಚಿಕ್ಕ ಸ್ಟಿಕ್ಕರ್ ಇರುತ್ತದೆ, ಅದು ಹರಿದರೆ ತಕರಾರು ತೆಗೆಯುತ್ತಾರೆ. ಮತ್ತೆ, ಉಳಿದ ವಾರಂಟಿಯೇ ದುಡ್ಡು. ಬಿಲ್ ಹುಡುಕಿ ತೆಗೆದಿಡಿ.

ಫೋಟೋದಲ್ಲಿ ಬರಬೇಕಾದ್ದು: ಹಿಂದಿನ ಪೋರ್ಟ್‌ಗಳು, ಮದರ್‌ಬೋರ್ಡಿಗೆ ಕೂರುವ ಚಿನ್ನದ ಬಣ್ಣದ ಅಂಚು, ಸ್ಕ್ರೂಗಳು, ಜೊತೆಗೆ ಜಿಪಿಯು-ಝೆಡ್ ಅನ್ನುವ ಉಚಿತ ಸಾಫ್ಟ್‌ವೇರಿನ ಸ್ಕ್ರೀನ್‌ಶಾಟ್. ಈ ಕೊನೆಯದ್ದು ಯಾಕೆ ಅಂದರೆ, ಹಳೇ ಪುಟ್ಟ ಕಾರ್ಡಿನ ಬಯಾಸ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರ್) ತಿದ್ದಿ 1050 ಟಿಐ, 1060 ಅಂತ ಮಾರುವವರಿದ್ದಾರೆ. ಅಂಥ ಕಾರ್ಡ್ ಸಿಕ್ಕಿದರೆ ಜಿಪಿಯು-ಝೆಡ್ ಹೆಸರಿನ ಮುಂದೆಯೇ ನಕಲಿ ಅಂತ ತೋರಿಸಿಬಿಡುತ್ತದೆ. ಎಷ್ಟು ಜಿಬಿ ಅಂತ ತಲೆಬರಹದಲ್ಲೇ ಬರೆಯಿರಿ. 1060ರಲ್ಲಿ 3 ಜಿಬಿಯದ್ದೂ ಇದೆ, ಅದರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ ಕಡಿಮೆ: 6 ಜಿಬಿಯದ್ದಕ್ಕೆ 1280, 3 ಜಿಬಿಯದ್ದಕ್ಕೆ 1152. ತಿಳಿದವರು ಇದನ್ನು ಕೇಳಿಯೇ ಕೇಳುತ್ತಾರೆ.

ಇನ್ನೊಂದು ಪ್ರಶ್ನೆ ತಪ್ಪುವುದೇ ಇಲ್ಲ: "ಮೈನಿಂಗ್ ಮಾಡಿದ್ರಾ?" ಅಂದರೆ ಕಾರ್ಡನ್ನು ಲೆಕ್ಕಕ್ಕೆ ಹಚ್ಚಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ. ಅಂಥ ನಾಣ್ಯಗಳಲ್ಲೊಂದಾದ ಎಥೀರಿಯಂ 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡ್ ಬೇಡದ ಪದ್ಧತಿಗೆ ಬದಲಾಯಿತು. ಅಲ್ಲಿಯ ತನಕ ಹಗಲೂ ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಆ ಅನುಮಾನ ಇನ್ನೂ ಹೋಗಿಲ್ಲ. ಎಎಂಡಿಯ ಆರ್‌ಎಕ್ಸ್ 580 ಮಾರುವವರಿಗಂತೂ ಇದು ಜಾಸ್ತಿ, ಅದು ಮೈನಿಂಗ್‌ನವರ ಅಚ್ಚುಮೆಚ್ಚಿನ ಕಾರ್ಡ್. ಮೈನಿಂಗ್‌ಗಾಗಿ ಬಯಾಸ್ ತಿದ್ದಿದ್ದರೆ ಮೂಲ ಬಯಾಸ್ ಹಾಕಿಕೊಡಿ.

ನನ್ನ ಕಾರ್ಡ್ ತಗೊಂಡ ಹುಡುಗ ತುಮಕೂರಿನವನು. ಮನೆಗೇ ಬಂದ. ಕಾಫಿ ಬೇಡ ಅಂದ, ಕಾರ್ಡನ್ನು ಕಿಟಕಿ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದ. ಹೀಟ್‌ಸಿಂಕ್ ಬಿಚ್ಚಿದ್ದು ಸ್ಕ್ರೂ ನೋಡಿಯೇ ಗೊತ್ತಾಯಿತು ಅವನಿಗೆ.

"ಅಣ್ಣ, ಬಿಚ್ಚಿದೀರ?"

"ಹೂಂ, ಪೇಸ್ಟ್ ಹಾಕಿದೀನಿ. ಅದನ್ನ ಬರೆದಿದ್ದೆನಲ್ಲ."

"ಮೈನಿಂಗ್ ಏನಾದ್ರೂ..."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಸುಮ್ಮನಾದ. ಹಿಂಬದಿಯ ಪ್ಲೇಟಿನ ಮೂಲೆಯಲ್ಲಿ ಕೆಂಪಗೆ ಒಂದು ಬೊಟ್ಟು. ಯಾವುದೋ ವರ್ಷದ ಆಯುಧಪೂಜೆಯಲ್ಲಿ ಅಮ್ಮ ಕ್ಯಾಬಿನೆಟ್ ಬಾಗಿಲು ತೆಗೆಸಿ ಇಟ್ಟ ಕುಂಕುಮ. ಅಷ್ಟು ಬ್ರಷ್ ಹಾಕಿದರೂ ಹೋಗಿರಲಿಲ್ಲ.

"ಮೈನಿಂಗ್ ಕಾರ್ಡಿಗೆ ಯಾರೂ ಕುಂಕುಮ ಇಡಲ್ಲ ಬಿಡಿ" ಅಂತ ನಕ್ಕ.

ಆದರೂ ಕಾರ್ಡಿಗೆ ಪೂರ್ತಿ ಲೋಡ್ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಅನ್ನುವ ಸಾಫ್ಟ್‌ವೇರನ್ನು ಹತ್ತು ನಿಮಿಷ ಓಡಿಸಿ ತೋರಿಸಿದೆ. ಅದನ್ನು ನೀವೂ ತೋರಿಸಿ. ಕೊಳ್ಳುವವರ ಎದುರಿಗೆ ಕಾರ್ಡ್ ಓಡಿದರೆ ಆಮೇಲೆ ವಾದ ಇರುವುದಿಲ್ಲ. ಮೊಬೈಲ್, ಎಸ್‌ಎಸ್‌ಡಿ ಮಾರುವಾಗ ಇರುವ ಒಂದು ಭಯ ಇಲ್ಲಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ನಿಮ್ಮ ಫೋಟೋ, ಫೈಲ್ ಏನೂ ಉಳಿಯುವುದಿಲ್ಲ, ಅಳಿಸುವ ಕೆಲಸವೇ ಇಲ್ಲ.

ದುಡ್ಡಿನ ವಿಷಯದಲ್ಲಿ ಹುಷಾರು. "ನಾನು ಆರ್ಮಿಯಲ್ಲಿದ್ದೀನಿ, ಊರಿಗೆ ಬರೋಕಾಗಲ್ಲ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅನ್ನುವ ಫೋನ್ ನನಗೂ ಬಂತು. ಯುಪಿಐನಲ್ಲಿ ದುಡ್ಡು ಬರಲು ನೀವು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಅಕಸ್ಮಾತ್ ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ದುಡ್ಡು ಬಂದಿದೆ ಅಂತ ಸ್ಕ್ರೀನ್‌ಶಾಟ್ ತೋರಿಸಿದರೂ ನಂಬಬೇಡಿ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ನೋಡಿ.

ಬೇರೆ ಊರಿಗೆ ಕಳಿಸುವುದಾದರೆ ಸೀರಿಯಲ್ ನಂಬರ್ ಕಾಣುವ ಹಾಗೆ ಪ್ಯಾಕ್ ಮಾಡುವ ವಿಡಿಯೋ ಇರಲಿ. ಕೆಟ್ಟಿದೆ ಅಂತ ಕೊಂಡವರು ವಾಪಸ್ ಕಳಿಸಿದ್ದು ಬೇರೆಯೇ ಕಾರ್ಡ್ ಆಗಿರುವುದೂ ಉಂಟು.

ಈಗ ನನ್ನ ಮೊದಲನೇ ಎಡವಟ್ಟು. ಜೂನ್‌ನಲ್ಲೇ ಒಬ್ಬರು 6,500ಕ್ಕೆ ಕೇಳಿದ್ದರು. ನಾನು ಬೀಗಿದೆ. ಅಷ್ಟರಲ್ಲಿ ಎನ್‌ವಿಡಿಯಾ ಹೇಳಿಬಿಟ್ಟಿತು: ಮ್ಯಾಕ್ಸ್‌ವೆಲ್, ಪಾಸ್ಕಲ್ ಕಾರ್ಡುಗಳಿಗೆ, ಅಂದರೆ 900 ಮತ್ತು 1000 ಸರಣಿಗೆ, ಹೊಸ ಆಟಗಳ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) 2025ರ ಅಕ್ಟೋಬರ್‌ಗೆ ಕೊನೆ, ಅಲ್ಲಿಂದ 2028ರ ಅಕ್ಟೋಬರ್ ತನಕ ಮೂರು ತಿಂಗಳಿಗೊಮ್ಮೆ ಭದ್ರತೆಯ ಅಪ್‌ಡೇಟ್ ಮಾತ್ರ. ಕಾರ್ಡೇನೂ ನಿಂತುಹೋಗುವುದಿಲ್ಲ, ಆಟಗಳು ಓಡುತ್ತವೆ. ಆದರೆ ಕೊಳ್ಳುವವರ ಬಾಯಿಗೆ ಒಂದು ಮಾತು ಸಿಕ್ಕಿತು. ಡಿಸೆಂಬರ್‌ನಲ್ಲಿ ನಾನು ಮಾರಿದ ಬೆಲೆ ಆಗಲೇ ಹೇಳಿದ್ದೇನೆ.

ಆದ್ದರಿಂದ ನಿಮ್ಮ ಕಾರ್ಡ್ ಯಾವ ಸರಣಿ ಅಂತ ನೋಡಿಕೊಂಡು ಅವಸರ ಎಷ್ಟು ಅಂತ ತೀರ್ಮಾನಿಸಿ. ಆರ್‌ಟಿಎಕ್ಸ್ 2060 ಆದರೆ ಮಾರುವುದಿದ್ದರೆ ಬೇಗ ಮಾರಿ. ಆರ್‌ಟಿಎಕ್ಸ್ 3060, ಅದೂ 12 ಜಿಬಿಯದ್ದಾದರೆ ಗಾಬರಿ ಬೇಡ. ಎಐ ಮಾಡೆಲ್‌ಗಳನ್ನು ಮನೆಯಲ್ಲೇ ಓಡಿಸುವವರು ಆ 12 ಜಿಬಿಗಾಗಿ ಹುಡುಕಿಕೊಂಡು ಬರುತ್ತಾರೆ. ಆರ್‌ಎಕ್ಸ್ 580ರ ಡ್ರೈವರನ್ನು ಎಎಂಡಿ 2023ರಲ್ಲೇ ಬೇರೆ ಕವಲಿಗೆ ಹಾಕಿದೆ. ಅದಕ್ಕೆ ಅಂಗಡಿಯೇ ಸುಲಭ. ಜಿಟಿ 710, 730 ಥರದ್ದಾದರೆ ಮಾರುವ ಶ್ರಮಕ್ಕೆ ಅರ್ಥವಿಲ್ಲ. ನಾನು ಹೇಳಿದ ಆ ಸ್ಪೇರ್ ಜಾಗಕ್ಕೆ ಅದೇ ಸರಿ.

ನೆಂಟರ ಹುಡುಗನಿಗೆ ಕೊಡುವುದು

ಮನಸ್ಸಿಗೆ ಖುಷಿ ಕೊಡುವ ದಾರಿ ಇದೇ, ಎರಡನೇ ಎಡವಟ್ಟು ಆಗಿದ್ದೂ ಇಲ್ಲೇ.

ಹಾಸನದಲ್ಲಿ ನನ್ನ ಸೋದರಮಾವನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಜುಲೈನಲ್ಲಿ ಏನನ್ನೂ ಕೇಳದೆ ಕಾರ್ಡನ್ನು ಚೆನ್ನಾಗಿ ಸುತ್ತಿ ಬಸ್ಸಿನ ಪಾರ್ಸೆಲ್‌ಗೆ ಹಾಕಿಬಿಟ್ಟೆ. ಸಂಜೆ ಅವನ ಫೋನು.

"ಭಾವ, ಕಾರ್ಡ್ ಒಳಗೆ ಹೋಗ್ತಿಲ್ಲ."

"ಸರಿಯಾಗಿ ಒತ್ತೋ."

"ಒತ್ತೋದಲ್ಲ ಭಾವ, ಬಾಗಿಲೇ ಹಾಕೋಕಾಗಲ್ಲ. ಕಾರ್ಡ್ ಕ್ಯಾಬಿನೆಟ್‌ಗಿಂತ ಅಗಲ ಇದೆ."

ಅವನದ್ದು ಆಫೀಸುಗಳಿಂದ ಬಂದ ರಿಫರ್ಬಿಷ್ಡ್ ಪಿಸಿ. ತೆಳ್ಳಗೆ, ಮಲಗಿಸಿ ಇಡುವಂಥದ್ದು. ಫೋಟೋ ತರಿಸಿ ನೋಡಿದರೆ ಅದರ ಎಸ್‌ಎಂಪಿಎಸ್ 240 ವ್ಯಾಟ್, ಕಾರ್ಡಿಗೆ ಕೊಡುವ 6 ಪಿನ್ ಕೇಬಲ್ಲೇ ಇಲ್ಲ. ಜಾಗ ಇದ್ದಿದ್ದರೂ ಕಾರ್ಡ್ ಓಡುತ್ತಿರಲಿಲ್ಲ.

ಲೆಕ್ಕ ಹೀಗೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ತನಕ ಕೊಡುತ್ತದೆ. 1060ಕ್ಕೆ ಬೇಕಾದ್ದು 120. ಮಿಕ್ಕಿದ್ದು 6 ಪಿನ್ ಕೇಬಲ್‌ನಿಂದ ಬರಬೇಕು. "ಸಾಟಾದಿಂದ 6 ಪಿನ್‌ಗೆ ಮಾಡೋ ಅಡಾಪ್ಟರ್ ಇನ್ನೂರು ರೂಪಾಯಿಗೆ ಸಿಗುತ್ತೆ ಭಾವ" ಅಂದ. ಬೇಡವೇ ಬೇಡ ಅಂದೆ. ಸಾಟಾ ಅಂದರೆ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಕೇಬಲ್. ಆ ಕನೆಕ್ಟರಿನ 12 ವೋಲ್ಟ್ ಪಿನ್‌ಗಳು ಹೊರುವುದು 54 ವ್ಯಾಟ್, 6 ಪಿನ್‌ನ ಲೆಕ್ಕ 75 ವ್ಯಾಟ್. ಕರಗಿ ಸುಟ್ಟ ಅಡಾಪ್ಟರುಗಳ ಚಿತ್ರ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ.

ಅಂಥ ಪಿಸಿಗಳಿಗೆ ಬೇಕಾದ್ದು 75 ವ್ಯಾಟಿನೊಳಗಿನ, ಬೇರೆ ಕೇಬಲ್ ಬೇಡದ, ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡ್. 1050 ಟಿಐ, 1650 ಇವುಗಳಲ್ಲಿ ಅಂಥವು ಬರುತ್ತವೆ. ಮೇಲಿನ ತಗಡಿನ ಪಟ್ಟಿಯೂ ಗಿಡ್ಡದು ಬೇಕು, ಅದನ್ನೇ ಎಲ್ಲರೂ ಮರೆಯುವುದು. ನಿಮ್ಮ ಹಳೇ ಕಾರ್ಡ್ ಅಂಥದ್ದಾದರೆ ಕೊಡುವುದಕ್ಕೆ ಅದಕ್ಕಿಂತ ಒಳ್ಳೇದಿಲ್ಲ. ಹಾಸನ, ಶಿವಮೊಗ್ಗ, ಎಲ್ಲಿ ನೋಡಿದರೂ ವಿದ್ಯಾರ್ಥಿಗಳ ಮೇಜಿನ ಮೇಲೆ ಇಂಥ ಆಫೀಸ್ ಪಿಸಿಗಳೇ ಇವೆ.

ಆದ್ದರಿಂದ ಕೊಡುವ ಮೊದಲು ಒಂದೇ ಫೋಟೋ ಕೇಳಿ: ಕ್ಯಾಬಿನೆಟ್ ಬಾಗಿಲು ತೆಗೆದು, ಎಸ್‌ಎಂಪಿಎಸ್ ಮೇಲಿನ ಚೀಟಿ ಓದುವ ಹಾಗೆ. ಕಾರ್ಡಿನ ಉದ್ದವನ್ನು ಸ್ಕೇಲಿನಲ್ಲಿ ಅಳೆದು ಹೇಳಿ. ಅವರ ಮಾನಿಟರ್ ಹಳೇ ವಿಜಿಎ ಆಗಿದ್ದರೆ ಅದಕ್ಕೂ ಒಂದು ಕನ್ವರ್ಟರ್ ಬೇಕು, 1060ರಲ್ಲಿ ವಿಜಿಎ ಬರುವುದಿಲ್ಲ. ಎಸ್‌ಎಂಪಿಎಸ್ ಹೊಸದು ಕೊಳ್ಳಬೇಕು ಅಂತಾದರೆ ಆ ಖರ್ಚನ್ನೂ ನೀವೇ ಕೊಡಿ. "ಕಾರ್ಡ್ ಪುಕ್ಕಟೆ ಕೊಟ್ಟೆ" ಅಂತ ಹೇಳಿ ಮಾವನ ಕೈಲಿ ಮೂರು ಸಾವಿರ ಖರ್ಚು ಮಾಡಿಸುವುದು ಚೆನ್ನಾಗಿರುವುದಿಲ್ಲ, ಅಲ್ವಾ?

ನಮ್ಮ ಹುಡುಗ ಮುಂದಿನ ವಾರ ಕಾರ್ಡನ್ನು ವಾಪಸ್ ಕಳಿಸಿದ. ಜೊತೆಗೆ ಅತ್ತೆ ಒಂದು ಡಬ್ಬ ಕೋಡುಬಳೆ ಇಟ್ಟಿದ್ದರು. ಹಾಗಾಗಿ ಪೂರ್ತಿ ನಷ್ಟ ಅನ್ನಲಾರೆ.

ಅದರ ಸುತ್ತ ಇನ್ನೊಂದು ಪಿಸಿ ಕಟ್ಟುವುದು

ನಮ್ಮಂಥವರಿಗೆ ಆಸೆ ಹುಟ್ಟಿಸುವುದು ಇದು. ಹಳೇ ಕಾರ್ಡ್ ಇದೆ, ಹಳೇ ಪ್ರೊಸೆಸರ್ ಒಂದಿದೆ, ರ‍್ಯಾಮ್ ಡ್ರಾಯರಿನಲ್ಲಿದೆ. ಒಂದು ಮೀಡಿಯಾ ಸರ್ವರ್ ಮಾಡೋಣ, ಎಐ ಓಡಿಸೋಣ. ನಾನೂ ಆಗಸ್ಟ್‌ನಲ್ಲಿ ಮೂರು ವಾರ ಮಾಡಿದೆ.

ಮೀಡಿಯಾ ಸರ್ವರ್ ಸಾಫ್ಟ್‌ವೇರ್ ಆದ ಜೆಲ್ಲಿಫಿನ್ ಹಾಕಿ ವಿಡಿಯೋಗಳನ್ನು ಟಿವಿಗೆ, ಮೊಬೈಲಿಗೆ ಬಿಟ್ಟೆ. 1060 ವಿಡಿಯೋ ಪರಿವರ್ತನೆಯನ್ನು ಸಲೀಸಾಗಿ ಮಾಡುತ್ತದೆ, ಆದರೆ ಎವಿ1 ಅನ್ನುವ ಹೊಸ ಮಾದರಿಯ ವಿಡಿಯೋ ಅದರ ಚಿಪ್ಪಿಗೆ ಬರುವುದಿಲ್ಲ. ಇಷ್ಟಕ್ಕೂ ಮಾಮೂಲಿ ವಿಡಿಯೋ ಪರಿವರ್ತನೆಯ ಕೆಲಸವನ್ನು ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನ ಸ್ವಂತ ಡಿಸ್‌ಪ್ಲೇಯೇ ಮಾಡುತ್ತದೆ, ಇದಕ್ಕಿಂತ ಬಹಳ ಕಡಿಮೆ ಕರೆಂಟಿನಲ್ಲಿ.

ಕರೆಂಟ್ ಅಂದೆನಲ್ಲ, ಅದೇ ದೊಡ್ಡ ಮಾತು. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ. ನನ್ನ ಆ ಪಿಸಿ ಏನೂ ಮಾಡದೆ ಕೂತಾಗ 55 ವ್ಯಾಟ್. ದಿನಪೂರ್ತಿ ಆನ್ ಇದ್ದರೆ 1.32 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 40 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೂ ತಿಂಗಳಿಗೆ 240, ವರ್ಷಕ್ಕೆ 2,900 ರೂಪಾಯಿ. 5,000 ಬರುವ ಕಾರ್ಡನ್ನು ಮಾರದೆ ಇಟ್ಟುಕೊಂಡು, ಅದರ ಮೇಲೆ ವರ್ಷಕ್ಕೆ ಮೂರು ಸಾವಿರ ಖರ್ಚು.

ಗೃಹಜ್ಯೋತಿ ಇರುವ ಮನೆಯಾದರೆ ಇನ್ನೂ ಒಂದು ತಿರುವು. ಉಚಿತ ಸಿಗುವುದು ನಿಮ್ಮ ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇಕಡ 10ರಷ್ಟು ಸೇರಿಸಿ. ಸರಾಸರಿ 150 ಆಗಿದ್ದರೆ 165 ಯೂನಿಟ್ ತನಕ. ಸರ್ವರ್ ಸೇರಿ 190 ಆದರೆ ಮೇಲಿನ 25 ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಅದೇ ಆಗಿದ್ದು. ಮೀಟರ್ ಓದುವವರು ಚೀಟಿ ಕೊಟ್ಟು ಹೋದ ಸಂಜೆಯೇ ಅಪ್ಪ ಸ್ವಿಚ್ ಆರಿಸಿದರು. ನಾನೂ ಮತ್ತೆ ಹಾಕಲಿಲ್ಲ.

ಎಐ ವಿಷಯ ಬೇರೆ, ಬೇಕಾದಾಗ ಮಾತ್ರ ಆನ್ ಮಾಡಬಹುದು. ಎಐ ಮಾಡೆಲ್‌ಗಳನ್ನು ಮನೆಯ ಪಿಸಿಯಲ್ಲಿ ಓಡಿಸುವ ಓಲಮಾ ಸಾಫ್ಟ್‌ವೇರ್ ಹಾಕಿದರೆ 6 ಜಿಬಿಯಲ್ಲಿ 700-800 ಕೋಟಿ ಪ್ಯಾರಾಮೀಟರಿನ ಮಾಡೆಲನ್ನು 4 ಬಿಟ್‌ಗೆ ಕುಗ್ಗಿಸಿ ತುರುಕಬಹುದು. ಇಂಗ್ಲಿಷಿನಲ್ಲಿ ಪರವಾಗಿಲ್ಲ. ಕನ್ನಡದಲ್ಲಿ ಕೇಳಿದರೆ ನನ್ನ ಹತ್ತಿರ ತಡವರಿಸಿತು, ಒಂದು ಸರ್ತಿ ಬಿಸಿಬೇಳೆಬಾತಿಗೆ ಸಕ್ಕರೆ ಪಾಕ ಹಾಕಿಸಿತು. ಕಲಿಯಲು ಇದು ಚೆನ್ನಾಗಿದೆ, ಆದರೆ ಇಂಥ ಲೆಕ್ಕಕ್ಕೆ ಕಾರ್ಡನ್ನು ಬಳಸಲು ಬೇಕಾದ ಎನ್‌ವಿಡಿಯಾದ ಕುಡಾ ಸಾಫ್ಟ್‌ವೇರಿನ 13ನೇ ಆವೃತ್ತಿಯಿಂದ ಪಾಸ್ಕಲ್ ಕಾರ್ಡುಗಳನ್ನು ಕೈಬಿಟ್ಟಿದ್ದಾರೆ. ಹೊಸ ಸಾಫ್ಟ್‌ವೇರ್ ಬಂದ ಹಾಗೆ ಹಳೇ ಆವೃತ್ತಿಗೆ ಅಂಟಿಕೊಂಡೇ ಇರಬೇಕು. 12 ಜಿಬಿಯ 3060 ನಿಮ್ಮ ಕೈಲಿದ್ದರೆ ಈ ದಾರಿಗೆ ನಾನು ಹೂಂ ಅನ್ನುತ್ತೇನೆ. 6 ಜಿಬಿಯ 1060ಕ್ಕೆ ಇಲ್ಲ.

ವಿಜ್ಞಾನಕ್ಕೆ ಸಹಾಯ ಆಗಲಿ ಅಂತ, ಸಂಶೋಧನೆಯ ಲೆಕ್ಕಗಳನ್ನು ಮನೆಯ ಪಿಸಿಯಲ್ಲಿ ಮಾಡಿಕೊಡುವ ಫೋಲ್ಡಿಂಗ್ ಅಟ್ ಹೋಮ್ ಓಡಿಸುವವರಿದ್ದಾರೆ. ಒಳ್ಳೇ ಕೆಲಸವೇ. ಕಾರ್ಡ್ ಒಂದೇ 120 ವ್ಯಾಟ್ ಎಳೆದರೆ ತಿಂಗಳಿಗೆ 86 ಯೂನಿಟ್ ಆಗುತ್ತದೆ, ಅಷ್ಟು ಗೊತ್ತಿದ್ದು ಮಾಡಿ.

ಎರಡೂ ಒಂದೇ ಕ್ಯಾಬಿನೆಟ್ಟಿನಲ್ಲಿ?

ಎರಡು ಕಾರ್ಡ್ ಹಾಕಿದರೆ ಎರಡರಷ್ಟು ಸ್ಪೀಡ್ ಬರುವ ಕಾಲ ಮುಗಿದಿದೆ. 1060ಕ್ಕಂತೂ ಹಾಗೆ ಎರಡನ್ನು ಜೋಡಿಸುವ ಎಸ್‌ಎಲ್‌ಐ ಕೊಟ್ಟೇ ಇರಲಿಲ್ಲ. ಆರ್‌ಟಿಎಕ್ಸ್ 50 ಸರಣಿ ಬಂದಾಗ ಹಳೇ ಆಟಗಳ 32 ಬಿಟ್ ಫಿಸ್‌ಎಕ್ಸ್‌ಗೆ (ಆಟದಲ್ಲಿ ಹೊಗೆ, ಬಟ್ಟೆ, ಚೂರುಗಳ ಚಲನೆ ತೋರಿಸುವ ಎನ್‌ವಿಡಿಯಾ ಸಾಫ್ಟ್‌ವೇರ್) ಅದರಲ್ಲಿ ಜಾಗ ಇರಲಿಲ್ಲ. ಅದಕ್ಕಾಗಿ ಹಳೇ ಕಾರ್ಡನ್ನು ಪಕ್ಕದಲ್ಲಿ ಇಟ್ಟುಕೊಂಡವರಿದ್ದರು. ಆಟ ನಯವಾಗಿ ಕಾಣಲಿ ಅಂತ ಎರಡನೇ ಕಾರ್ಡಿನಿಂದ ಹೆಚ್ಚುವರಿ ಫ್ರೇಮ್ (ಚಿತ್ರ) ಹುಟ್ಟಿಸುವ ಲಾಸ್‌ಲೆಸ್ ಸ್ಕೇಲಿಂಗ್ ಥರದ ಸಾಫ್ಟ್‌ವೇರೂ ಇದೆ. ಆದರೆ ವಿಂಡೋಸ್‌ನಲ್ಲಿ ಎರಡು ಎನ್‌ವಿಡಿಯಾ ಕಾರ್ಡಿಗೂ ಒಂದೇ ಡ್ರೈವರ್ ಬೇಕು. ಪಾಸ್ಕಲ್‌ಗೆ ಎನ್‌ವಿಡಿಯಾ ಡ್ರೈವರಿನ 580ನೇ ಆವೃತ್ತಿಯ ಕವಲೇ ಕೊನೆ, 590ರಿಂದ ಅದಿಲ್ಲ. ಹಳೇದನ್ನು ಉಳಿಸಿಕೊಳ್ಳಲು ಹೊಸ ಕಾರ್ಡನ್ನು ಹಳೇ ಡ್ರೈವರಿಗೆ ಕಟ್ಟಿಹಾಕಬೇಕು. ನಿಮ್ಮ ಹಳೇದು 2060 ಅಥವಾ 3060 ಆಗಿದ್ದರೆ ಮಾತ್ರ ಯೋಚಿಸಿ. ಜೊತೆಗೆ ಎಸ್‌ಎಂಪಿಎಸ್ ಎರಡನ್ನೂ ಹೊರುತ್ತದಾ, ಎರಡನೇ ಸ್ಲಾಟಿನಲ್ಲಿ ಗಾಳಿಗೆ ಜಾಗ ಇದೆಯಾ ನೋಡಿಕೊಳ್ಳಿ.

ಸತ್ತ ಕಾರ್ಡ್

ಸತ್ತಿದೆ ಅನ್ನುವ ಮೊದಲು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಬೇರೆ ಪಿಸಿಯಲ್ಲಿ ಹಾಕಿ ನೋಡಿ. ಓವನ್ನಿನಲ್ಲಿಟ್ಟು ಬಿಸಿ ಮಾಡುವ ವಿಡಿಯೋಗಳನ್ನು ನೋಡಿ ಅಡುಗೆಮನೆಗೆ ಹೋಗಬೇಡಿ. ಬದುಕಿದರೂ ನಾಲ್ಕು ದಿನ, ಆಮೇಲೆ ಅದೇ ಓವನ್ನಿನಲ್ಲಿ ಊಟಕ್ಕೆ ಏನನ್ನೂ ಬೇಯಿಸಲು ಮನಸ್ಸು ಬರುವುದಿಲ್ಲ. ಎಸ್‌ಪಿ ರೋಡಿನಲ್ಲಿ ಚಿಪ್ ಮಟ್ಟದ ರಿಪೇರಿ ಮಾಡುವವರಿದ್ದಾರೆ. ಅವರು ಸತ್ತ ಕಾರ್ಡನ್ನೂ ಫ್ಯಾನು, ಹೀಟ್‌ಸಿಂಕು, ಮೆಮೊರಿ ಚಿಪ್ಪಿಗಾಗಿ ಕೊಳ್ಳುತ್ತಾರೆ. "ಡೆಡ್, ಪಾರ್ಟ್ಸ್‌ಗೆ" ಅಂತ ಸ್ಪಷ್ಟವಾಗಿ ಹೇಳಿ ಮಾರಿದರೆ ಐನೂರು ಸಾವಿರ ಬಂದರೂ ಬಂತು.

ಅದೂ ಆಗದಿದ್ದರೆ ಗಾಡಿಯ ಗುಜರಿಯವರಿಗೆ ಮಾತ್ರ ಹಾಕಬೇಡಿ. ಅವರಿಗೆ ಬೇಕಾದ್ದು ಹೀಟ್‌ಸಿಂಕಿನ ಅಲ್ಯೂಮಿನಿಯಂ, ತಾಮ್ರ. ಮಿಕ್ಕ ಹಸಿರು ಬೋರ್ಡ್ ಕೈ ಬದಲಾಗುತ್ತ ಹೋಗಿ ಎಲ್ಲೋ ಬಯಲಲ್ಲಿ ಸುಡುತ್ತದೆ, ಇಲ್ಲವೇ ಆಸಿಡ್ಡಿಗೆ ಬೀಳುತ್ತದೆ. ದೇಶದ ಈಗಿನ ಇ-ತ್ಯಾಜ್ಯ ನಿಯಮ 2022ರದ್ದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇವು ನೋಂದಾಯಿತ ಮರುಬಳಕೆ ಘಟಕಕ್ಕೇ ಸೇರಬೇಕು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಘಟಕ ಬಹಳ ವರ್ಷದಿಂದ ಈ ಕೆಲಸ ಮಾಡುತ್ತಿದೆ. ಒಂದು ಕಾರ್ಡಿಗಾಗಿ ಅಲ್ಲಿಯ ತನಕ ಹೋಗುವುದು ಯಾರಿಗೂ ಆಗದ ಮಾತು. ಅಪಾರ್ಟ್‌ಮೆಂಟ್ ಆದರೆ ಸಂಘದವರು ವರ್ಷಕ್ಕೊಮ್ಮೆ ಇ-ತ್ಯಾಜ್ಯ ಸಂಗ್ರಹ ಇಡುತ್ತಾರೆ, ಕೆಲವು ಆಫೀಸುಗಳಲ್ಲಿ ಅದಕ್ಕೇ ಡಬ್ಬ ಇಟ್ಟಿರುತ್ತಾರೆ. ಹಳೇ ಚಾರ್ಜರ್, ಕೆಟ್ಟ ಮೌಸು, ಊದಿಕೊಂಡ ಪವರ್‌ಬ್ಯಾಂಕ್ ಎಲ್ಲ ಒಟ್ಟಿಗೆ ಹಾಕಲು ಅದೊಂದು ನೆಪ. ಪವರ್‌ಬ್ಯಾಂಕನ್ನು ಮಾತ್ರ ಬೇರೆ ಕವರಿನಲ್ಲಿ ಕೊಡಿ, ಅದು ಬೆಂಕಿ ಹೊತ್ತಿಕೊಳ್ಳುವ ಸಾಮಾನು.

ಹೊಸ ಕಾರ್ಡಿನ ಡಬ್ಬ ಮಾತ್ರ ಎಸೆಯಬೇಡಿ. ವಾರಂಟಿಗೆ ಕಳಿಸುವಾಗ ಅದೇ ಬೇಕಾಗುತ್ತದೆ. ನನ್ನದೀಗ ಬೀರುವಿನ ಮೇಲೆ ಖಾಲಿ ಕೂತಿಲ್ಲ, ಒಳಗೆ ಜಿಟಿ 710 ಇದೆ.